ಬೆನ್ನಿಗೆ ಗುಡ್ಡವಿರುವ ಬುದ್ಧನ ಗುಡಿ

ಕಳೆದ ಭಾನುವಾರ ಐಹೊಳೆಯಲ್ಲಿ ಒಂದು ಗುಡಿಗೆ ಪ್ರದಕ್ಷಿಣೆ ಹಾಕಿದೆ. ಮೂರೇ ಸುತ್ತು. ಮೂರು ತಾಸು ಹಿಡಿಯಿತು!

ಗುಡಿ ಭಾರೀ ದೊಡ್ಡದೇನೂ ಅಲ್ಲ. (ನಮ್ಮ ಕಾಲೇಜಿನ ಸ್ಟಾಫ್ ರೂಮಿಗಿಂತ ತುಸು ದೊಡ್ಡದು, ಅಷ್ಟೆ.) ಮತ್ತೆ ಮೂರು ತಾಸು ಯಾಕೆ? ಹೇಳುತ್ತೇನೆ.

ಚಳಿಗಾಲ ಬಂತೆಂದರೆ ನಮ್ಮ ಬಾಗಲಕೋಟೆಯ ಪೇಟೆಗೆ ಮುಂಡಗೋಡದಿಂದ ಟಿಬೆಟಿನವರು ಬರುತ್ತಾರೆ. ರಸ್ತೆ ಬದಿಯಲ್ಲಿ ಹಗ್ಗ ಕಟ್ಟಿ ಸ್ವೆಟರ್ ತೂಗುಹಾಕುತ್ತಾರೆ. ಅವರಲ್ಲಿ ಡೋಲ್ಮಾ ಎಂಬ ಹೆಂಗಸು ನನಗೆ ಐದಾರು ವರ್ಷದಿಂದ ಪರಿಚಯ. ಅರವತ್ತರ ಹತ್ತಿರದ ವಯಸ್ಸು. ಕನ್ನಡ ಕಲಿತದ್ದು ಪೇಟೆಯಲ್ಲೇ, ಹೀಗಾಗಿ ಅಪ್ಪಟ ನಮ್ಮ ಕಡೆಯ ಕನ್ನಡ.

ಹೋದ ವಾರ ಮಗಳಿಗೊಂದು ಸ್ವೆಟರ್ ನೋಡುತ್ತ ನಿಂತಿದ್ದೆ. ಡೋಲ್ಮಾ ಕೇಳಿದರು: "ಮಾಸ್ತರ, ಇಲ್ಲಿ ಹತ್ರ ಎಲ್ಲಾರ ಬುದ್ಧನ ಗುಡಿ ಐತೇನ್ರಿ?"

ಇತಿಹಾಸದ ಮಾಸ್ತರನಿಗೆ ಇದಕ್ಕಿಂತ ರುಚಿಯಾದ ಪ್ರಶ್ನೆ ಇದೆಯೆ? ಸ್ವೆಟರ್ ಅಲ್ಲೇ ಬಿಟ್ಟು ಶುರು ಮಾಡಿದೆ. ಐಹೊಳೆ, ಮೇಗುತಿ ಗುಡ್ಡ, ಚಾಲುಕ್ಯರು, ಎರಡು ಅಂತಸ್ತಿನ ಬೌದ್ಧ ಗುಡಿ, ಅರ್ಧ ಕಟ್ಟಿದ್ದು, ಅರ್ಧ ಬಂಡೆ ಕಡಿದದ್ದು... ಡೋಲ್ಮಾ ಎಲ್ಲ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು.

"ನಮ್ಮ ಮನಿಯವ್ರು ಹೋಗಿಬಿಟ್ರು. ಭಾನುವಾರಕ್ಕ ನಲವತ್ತೊಂಬತ್ತು ದಿನಾ ಆಗ್ತದ."

ಸತ್ತವರ ಜೀವ ನಲವತ್ತೊಂಬತ್ತು ದಿನ ದಾರಿಯಲ್ಲಿರುತ್ತದೆ ಎಂಬುದು ಅವರ ನಂಬಿಕೆ. ಕೊನೆಯ ದಿನ ದೀಪ ಹಚ್ಚಬೇಕು, ಬುದ್ಧನ ಸುತ್ತ ನಡೆಯಬೇಕು. ಮುಂಡಗೋಡಕ್ಕೆ ಹೋಗಿ ಬರಲು ಎರಡು ದಿನ ಬೇಕು. ಜೊತೆಯಲ್ಲಿದ್ದ ತಂಗಿಗೆ ಜ್ವರ. ಒಂದು ಹಗಲಿನ ಮಟ್ಟಿಗಾದರೆ ಪಕ್ಕದ ಅಂಗಡಿಯವರು ಅವಳನ್ನೂ ಸ್ವೆಟರುಗಳನ್ನೂ ನೋಡಿಕೊಳ್ಳುತ್ತಾರೆ, ಎರಡು ದಿನ ಬಿಟ್ಟು ಹೋಗುವಂತಿಲ್ಲ.

"ನಡೀರಿ, ನಾ ಕರಕೊಂಡು ಹೋಗ್ತೇನಿ" ಅಂದೆ.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸು. ಅಮೀನಗಡದಲ್ಲಿ ಇಳಿದು ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ನನ್ನ ಪಾಠ. ಸ್ತೂಪಕ್ಕೆ ಒಳಗು ಎಂಬುದೇ ಇಲ್ಲ, ಅದೊಂದು ತುಂಬಿದ ದಿಬ್ಬ, ಅಲ್ಲಿ ಭಕ್ತನ ಕೆಲಸ ಒಳಗೆ ಹೋಗುವುದಲ್ಲ, ಸುತ್ತ ನಡೆಯುವುದು. ಆಮೇಲೆ ಬಂಡೆ ಕೊರೆದು ಚೈತ್ಯ ಮಾಡಿದವರು ಸ್ತೂಪವನ್ನು ಒಳಗೆ ತಂದರು, ಆದರೂ ಅದರ ಹಿಂದೆ ನಡೆದಾಡಲು ಜಾಗ ಬಿಟ್ಟರು. ಡೋಲ್ಮಾ ಕಿಟಕಿಯಾಚೆ ನೋಡುತ್ತ ಜಪಮಾಲೆ ಎಣಿಸುತ್ತಿದ್ದರು. ಕೇಳಿದರೋ ಇಲ್ಲವೋ!

ಗುಡ್ಡದ ಮೆಟ್ಟಿಲು ಅರ್ಧ ಏರಿದರೆ ಗುಡಿ. ಮುಂದೆ ಕಂಬಗಳ ಪಡಸಾಲೆ, ಅದರ ತಲೆಯ ಮೇಲೆ ಇನ್ನೊಂದು ಪಡಸಾಲೆ. ಒಳಗೆ ಕುಳಿತ ಬುದ್ಧ. ತಲೆ ಇಲ್ಲ.

ಮೊದಲೇ ಹೇಳಬೇಕಿತ್ತು. ಬಸ್ಸಿನಲ್ಲಿ ಅಷ್ಟೆಲ್ಲ ಒದರಿದವನು ಇದನ್ನೇ ಮರೆತಿದ್ದೆ. "ಮೂರ್ತಿ ಭಿನ್ನ ಆಗೇದ್ರಿ" ಎಂದು ತೊದಲಿದೆ.

ಡೋಲ್ಮಾ ಹತ್ತಿರ ಹೋಗಿ ಆ ಕಲ್ಲಿನ ಮೊಣಕಾಲಿಗೆ ಹಣೆ ಹಚ್ಚಿದರು. "ಟಿಬೆಟಿನ್ಯಾಗ ನಮ್ಮ ಊರಾಗೂ ಹಿಂಗ ಮುರದಾರ. ನಾ ಕಣ್ಲೆ ನೋಡೇನಿ" ಅಂದರು. ಹಣೆ ಎತ್ತಿ, "ತಲಿ ಇಲ್ಲ, ಖರೆ. ಆದ್ರ ಎದ್ದು ಹೋಗಿಲ್ಲಲ್ಲ. ಕುಂತಾನ."

ಚೀಲದಿಂದ ಹಿತ್ತಾಳೆಯ ಪುಟ್ಟ ದೀಪ ತೆಗೆದರು. ಅಷ್ಟರಲ್ಲಿ ಕಾವಲುಗಾರ ಹನಮಪ್ಪ ಓಡಿ ಬಂದ. ಐಹೊಳೆಯವನೇ, ಪುರಾತತ್ವ ಇಲಾಖೆಯ ಖಾಕಿ ಅಂಗಿ.

"ದೀಪ ಹಚ್ಚಂಗಿಲ್ರಿ ಅವ್ವಾರ. ಕಲ್ಲಿಗೆ ಮಸಿ ಹಿಡೀತೈತಿ. ಹಚ್ಚಾಕ ಬಿಟ್ರ ನನ್ನ ನೌಕರಿ ಹೋಗ್ತೈತಿ."

ಅವನದೇನೂ ತಪ್ಪಿಲ್ಲ. ಹಾಗೆಂದು ಡೋಲ್ಮಾ ಅವರ ಮುಖ ನೋಡುವ ಧೈರ್ಯ ನನಗಿತ್ತೆ? ಅವರು ವಾದಿಸಲಿಲ್ಲ. ದೀಪವನ್ನು ಚೀಲಕ್ಕೆ ಹಾಕಿ, "ಸುತ್ತಾರ ಹಾಕ್ತೇನಿ" ಎಂದು ಹೊರಗೆ ಬಂದರು.

ಈಗ ನನ್ನ ಸರದಿ. "ಇದಕ್ಕ ಪ್ರದಕ್ಷಿಣಾ ಪಥ ಇಲ್ರಿ" ಅಂದೆ. "ಹಿಂದ ಎಲ್ಲಾ ಬಂಡೆಗಲ್ಲು. ಸುತ್ತಾಕ ಬರೂದಿಲ್ಲ."

ಡೋಲ್ಮಾ ಗುಡಿ ನೋಡಿದರು. ಅದರ ಹಿಂದೆ ಏರಿ ನಿಂತ ಗುಡ್ಡ ನೋಡಿದರು. ನನ್ನನ್ನು ನೋಡಿದರು, ದಡ್ಡ ಹುಡುಗನನ್ನು ನೋಡುವ ಹಾಗೆ.

"ಗುಡ್ಡಾನೂ ಗುಡೀದ ಅಲ್ಲೇನ್ರಿ, ಮಾಸ್ತರ?"

ಹೊರಟೇಬಿಟ್ಟರು! ಗುಡಿಯನ್ನು ಬಲಕ್ಕೆ ಇಟ್ಟುಕೊಂಡು, ಎಡಗಡೆಯ ಬಂಡೆಗಳ ನಡುವೆ ಹತ್ತಿ, ಗುಡಿಯ ನೆತ್ತಿಯ ಮೇಲಿನಿಂದ ಗುಡ್ಡದ ತುದಿಗೆ, ಅಲ್ಲಿಂದ ಆ ಕಡೆ ಇಳಿದು ಮತ್ತೆ ಗುಡಿಯ ಮುಂದಕ್ಕೆ. ನಾನು ಏದುಸಿರು ಬಿಡುತ್ತ ಹಿಂದೆ. ತುದಿಯಲ್ಲಿ ಜೈನರ ಮೇಗುತಿ ಬಸದಿ ಇದೆಯಲ್ಲ, ಅಲ್ಲಿ ನಿಂತು ಅವರು ಕೈ ಮುಗಿದರು.

"ಇದು ಬುದ್ಧನ್ದಲ್ರಿ, ಜಿನನ ಗುಡಿ" ಎಂದೆ. (ಸುಮ್ಮನಿರಲು ಬರುವುದಿಲ್ಲ ನನಗೆ.)

"ಇರ್ಲಿ. ದಾರ್ಯಾಗ ಸಿಕ್ಕಾನ" ಎಂದು ಮುಂದೆ ನಡೆದರು.

ಎರಡನೆಯ ಸುತ್ತಿಗೆ ಹನಮಪ್ಪನೂ ಸೇರಿದ. ಮುಳ್ಳಿನ ಕಂಟಿ ಇದ್ದಲ್ಲಿ ಕೋಲಿನಿಂದ ಸರಿಸಿ ದಾರಿ ಬಿಡಿಸಿದ. ಮೂರನೆಯ ಸುತ್ತಿನಲ್ಲಿ ಡೋಲ್ಮಾ ಎರಡು ಕಡೆ ಕುಳಿತು ಸುಧಾರಿಸಿಕೊಂಡರು. ಸಾಕು ಅನ್ನೋಣವೆ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಎದ್ದರು.

ಕೆಳಗೆ ಬಂದಾಗ ಹನಮಪ್ಪ ಗುಡಿಯಿಂದ ದೂರ, ಬಯಲಿನಲ್ಲಿದ್ದ ಒಂದು ಚಪ್ಪಟೆ ಬಂಡೆ ತೋರಿಸಿದ. "ಇಲ್ಲಿ ಹಚ್ಚರಿ ಅವ್ವಾರ. ಇಲ್ಲಿ ಯಾವ ಕೆತ್ತನಿಗೂ ಮಸಿ ಹತ್ತಂಗಿಲ್ಲ." ಗಾಳಿಗೆ ಎರಡು ಕಡ್ಡಿ ಆರಿದವು. ಅವನು ಟವೆಲ್ ಬಿಚ್ಚಿ ಅಡ್ಡ ಹಿಡಿದ. ದೀಪ ಹತ್ತಿತು. ಆಗ ಅವನು ಕೇಳಿದ: "ಯಜಮಾನ್ರ ಹೆಸರೇನ್ರಿ?"

"ನೊರ್ಬು."

ಅಷ್ಟು ಹೇಳುವಾಗ ಅಷ್ಟು ಹೊತ್ತಿನಿಂದ ಗಟ್ಟಿಯಾಗಿದ್ದ ಡೋಲ್ಮಾ ಅತ್ತರು. ಹೆಸರೇನೆಂದು ನಾನು ವಿಚಾರಿಸಿಯೇ ಇರಲಿಲ್ಲ. ಎರಡು ಬಸ್ಸು, ಒಂದು ಗುಡ್ಡ, ಅಷ್ಟೊಂದು ಮಾತು, ಇದೊಂದನ್ನು ಬಿಟ್ಟು! ದೀಪ ತಾನಾಗಿ ಆರುವತನಕ ಮೂವರೂ ಅಲ್ಲೇ ಕುಳಿತೆವು. ಹನಮಪ್ಪ ತನ್ನ ಬುತ್ತಿ ಬಿಚ್ಚಿ ಇಬ್ಬರಿಗೂ ರೊಟ್ಟಿ, ಪುಂಡಿಪಲ್ಯ ಕೊಟ್ಟ. ಸಂಜೆಯ ಬಸ್ಸಿನಲ್ಲಿ ಡೋಲ್ಮಾ ನಿದ್ದೆ ಹೋದರು. ಎಷ್ಟೋ ದಿನದಿಂದ ಮಲಗದವರ ನಿದ್ದೆ.

ಸೋಮವಾರ ಕ್ಲಾಸಿನಲ್ಲಿ ಐಹೊಳೆಯ ಬೌದ್ಧ ಗುಡಿಯ ನೋಟ್ಸ್ ತಿದ್ದಿಸಿದೆ. "ಪ್ರದಕ್ಷಿಣಾ ಪಥ ಇಲ್ಲ" ಎಂಬುದನ್ನು ಹೊಡೆದುಹಾಕಿ, "ಗುಡ್ಡವೇ ಪ್ರದಕ್ಷಿಣಾ ಪಥ" ಎಂದು ಬರೆಯಿರಿ ಅಂದೆ.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು: "ಹಂಗಾದ್ರ ಹಿಂದಿನ ವರ್ಷದವ್ರು ಬರದದ್ದು ತಪ್ಪೇನ್ರಿ ಸರ?"

"ಅವರದಲ್ಲವ್ವ, ಬರಿಸಿದವಂದು ತಪ್ಪು" ಅಂದೆ.

ಆದರೆ ಹದಿನಾರು ವರ್ಷ ಆ ತಪ್ಪು ಉತ್ತರಕ್ಕೆ ಪೂರ್ತಿ ಮಾರ್ಕ್ಸ್ ಕೊಟ್ಟಿದ್ದೇನಲ್ಲ, ಅದನ್ನು ಯಾರಿಂದ ವಾಪಸ್ ಕೇಳಲಿ?