ಬಿಜಲಿ ನೀರು ಕುಡಿಯದ ದಿನ

ಆ ದಿನ ನಾನು ಅತ್ತೆನೋ ಇಲ್ಲವೋ, ಖಾತ್ರಿಯಾಗಿ ಹೇಳಲಾರೆ. ಅತ್ತದ್ದು ನಿಜ ಎಂದು ಹೆಂಡತಿ ನೀಲಾ ಹೇಳುತ್ತಾಳೆ. ಸುಗ್ಗಿಯ ದೂಳು ಕಣ್ಣಿಗೆ ಬಿದ್ದಿತ್ತು ಎಂಬುದು ನನ್ನ ವಾದ. ತತ್ತ್ವಶಾಸ್ತ್ರ ಓದಿ ವಿಶ್ವವಿದ್ಯಾಲಯದಿಂದ ಹೊರಬಿದ್ದವನಿಗೆ ದೇವರಿಂದ ಹಿಡಿದು ಹವಾಮಾನದ ಮುನ್ಸೂಚನೆಯವರೆಗೆ ಎಲ್ಲವನ್ನೂ ಅನುಮಾನಿಸುವ ಚಟ ಅಂಟಿಕೊಳ್ಳುತ್ತದೆ. ವಯಸ್ಸು ಐವತ್ತು ದಾಟಿದ ಮೇಲೆ ಆ ಚಟ ಹೊರಗೆ ಬೇಟೆ ಸಿಗದೆ ಮನೆಗೇ ಮರಳಿ, ಸ್ವಂತ ನೆನಪನ್ನು ಕಚ್ಚತೊಡಗುತ್ತದೆ. ಆದ್ದರಿಂದ ಓದುಗರೇ, ಇಲ್ಲಿ ನಾಯಿ ನಿಜ, ಊರು ನಿಜ; ಉಳಿದದ್ದನ್ನು ನೀವು ಕೊಂಚ ಜಾಲಿಸಿ ತೆಗೆದುಕೊಳ್ಳಬೇಕು.

ಊರು ಯರಗುಪ್ಪಿ. ನಾಯಿ ಬಿಜಲಿ, ಕಂದು ಮೈ, ಒಂದು ನೆಟ್ಟಗಿನ ಕಿವಿ, ಒಂದು ಮಡಿಚಿದ ಕಿವಿ. ಬಾಲವಂತೂ ಅವಳಿಗಿಂತ ಒಂದು ಕ್ಷಣ ಮೊದಲೇ ಬಾಗಿಲಿಗೆ ಬಂದು ನಿಂತಿರುತ್ತದೆ. ನನ್ನ ಬೆಳಗು ಅವಳ ಕಿವಿಯಿಂದ ಶುರುವಾಗುತ್ತದೆ. ಮಡಿಚಿದ ಕಿವಿಯ ಒಳಗೆ ಉಣ್ಣಿಗಳು ಬಾಡಿಗೆ ಕೊಡದ ಒಕ್ಕಲಿನಂತೆ ಬಿಡಾರ ಹೂಡುತ್ತವೆ. ಅವನ್ನು ಚರ್ಮದ ಹತ್ತಿರವೇ ಹಿಡಿದು ನಿಧಾನವಾಗಿ ಎಳೆದು ತೆಗೆಯುವಾಗ ನನಗೆ ದೊರೆಯುವ ವಿಜಯೋತ್ಸಾಹ ಯಾವ ಚರ್ಚಾಸ್ಪರ್ಧೆಯಲ್ಲೂ ದೊರೆತದ್ದಿಲ್ಲ. ಆಮೇಲೆ ಕಣ್ಣು, ಉಗುರು, ಬಾಲದ ಬುಡ. ಮಳೆಗಾಲದಲ್ಲಿ ಬೆರಳುಗಳ ಸಂದಿಗೆ ಹತ್ತಿದ ಎರೆಮಣ್ಣು ಒಣಗಿ ಕಲ್ಲಾಗುವ ಮೊದಲೇ ಉಗುರುಬೆಚ್ಚನೆಯ ನೀರಿನಲ್ಲಿ ತೊಳೆಯಬೇಕು, ಇಲ್ಲವಾದರೆ ಅವಳು ಕುಂಟುತ್ತಾಳೆ, ನಾನು ಗಾಬರಿಯಾಗುತ್ತೇನೆ. ಊಟಕ್ಕೆ ತೆಳುಹಾಲಿನಲ್ಲಿ ನೆನೆಸಿದ ರೊಟ್ಟಿ, ಜೊತೆಗೆ ಬೇಯಿಸಿದ ತತ್ತಿ. ಉಳ್ಳಾಗಡ್ಡಿ ಬಿದ್ದ ಪಲ್ಯ ನಿಷಿದ್ಧ. ಹೋಳಿಗೆಯೂ ನಿಷಿದ್ಧ, ಅವಳು ಎಂಥ ದೀನ ಮುಖ ಮಾಡಿದರೂ. ಸಂಜೆ ಹೊಲದ ಬದುವಿನ ಮೇಲೆ ಓಟ. ಅವಳು ಓಡುತ್ತಾಳೆ, ನಾನು ಓಡಿದಂತೆ ನಟಿಸುತ್ತೇನೆ.

ಇಷ್ಟೆಲ್ಲ ಶಿಸ್ತಿನ ನಡುವೆ ಒಂದೇ ಒಂದು ವಿಷಯ ಉಳಿದುಹೋಗಿತ್ತು: ಹಲ್ಲು. ನಾಯಿಯ ಹಲ್ಲು ಉಜ್ಜುವುದೆಂದರೆ ನಮ್ಮ ಓಣಿಯಲ್ಲಿ ಒಂದು ವಾರಕ್ಕಾಗುವಷ್ಟು ನಗೆ ಒದಗಿಸಿದಂತೆ. ಜೋಳ ಕೀಳುವ ಕಾಲದಲ್ಲಿ ನನಗೆ ಅದ್ಭುತ ಉಪಾಯ ಹೊಳೆಯಿತು. ಇನ್ನೂ ರಸ ಆರದ ದಂಟನ್ನು ನಮ್ಮ ಕಡೆ ಕಬ್ಬಿನಂತೆ ಸಿಗಿದು ತಿನ್ನುವುದುಂಟು. ಗಟ್ಟಿಯಾದದ್ದನ್ನು ಜಗಿದರೆ ಹಲ್ಲು ಸ್ವಚ್ಛವಾಗುತ್ತದೆಂದು ಎಲ್ಲೋ ಓದಿದ್ದೆ, ಅಥವಾ ಓದಿದ್ದೆನೆಂದು ನಂಬಿದ್ದೆ. ದಂಟನ್ನು ಗೇಣುದ್ದ ಮುರಿದು ಎಸೆದೆ. ಬಿಜಲಿ ಹಾರಿ ಹಿಡಿದು ಕಟಕಟನೆ ಕಡಿದಳು. ಆಟ, ವ್ಯಾಯಾಮ, ದಂತಮಂಜನ ಮೂರೂ ಒಂದೇ ಹೊಡೆತಕ್ಕೆ! ಆ ರಾತ್ರಿ ನಾನು ಶೋಧಕನ ತೃಪ್ತಿಯಿಂದ ಮಲಗಿದೆ.

ಮರುದಿನ ಬೆಳಿಗ್ಗೆ ಬಿಜಲಿ ನೀರಿನ ಹತ್ತಿರ ಹೋದಳು, ಮೂಸಿದಳು, ಹಿಂದೆ ಸರಿದಳು. ಬಾಯಿ ಅರೆತೆರೆದೇ ಇತ್ತು, ಜೊಲ್ಲು ಎಳೆಎಳೆಯಾಗಿ ಜೋತಿತ್ತು, ಮುಂಗಾಲಿನಿಂದ ಮುಖ ಕೆರೆದುಕೊಳ್ಳುತ್ತಿದ್ದಳು. ಕರೆದರೆ ಬಂದದ್ದು ಬೊಗಳುವ ಸದ್ದಲ್ಲ, ಎಂದೂ ಕೇಳದ ಒಡಕು ದನಿ. ನಾನು ಬಗ್ಗುವಷ್ಟರಲ್ಲಿ ಬಾಜೂ ಮನೆಯ ಕಲ್ಲಪ್ಪ ಕಾಕಾ ಗೋಡೆಯಾಚೆಯಿಂದ ಕೂಗಿದರು.

“ಮಾಸ್ತರ್ರ, ಅಲ್ಲೇ ನಿಲ್ರಿ! ಮುಟ್ಟಬ್ಯಾಡ್ರಿ ಅದನ್ನ. ಜೊಲ್ಲು ನೋಡ್ರಿ ಹೆಂಗ ಸೋರಾಕತ್ತೈತಿ. ನೀರು ಕಂಡ್ರ ಹಿಂದ ಸರೀತೈತಿ. ಇದು ಅದೇ ಐತಿ.”

“ಅದೇ ಅಂದ್ರ ಯಾವುದು, ಕಾಕಾ?”

“ಮುಂಜಾನೆದ್ದು ನನ್ನ ಬಾಯಿಂದ ಅದರ ಹೆಸರು ಹೇಳಸ್ತೀರೇನು? ಹುಚ್ಚು! ನಮ್ಮ ಮೊಮ್ಮಕ್ಕಳು ದಿನಾ ಇದರ ಬಾಲಾ ಹಿಡದು ಆಡ್ತಾವ. ನೀವು ಕಟ್ಟತೀರೋ, ನಾನು ನಾಕು ಮಂದೀನ ಕರೀಲೋ?”

ನಾಲ್ಕು ಮಂದಿ ಬಂದರೆ ಬರಿಗೈಯಲ್ಲಿ ಬರುವುದಿಲ್ಲ ಎಂಬುದು ನನಗೂ ಗೊತ್ತಿತ್ತು.

“ಆಕೀಗೆ ಹುಚ್ಚುನಾಯಿ ಸೂಜಿ ಹಾಕಿಸೇನಿ ಕಾಕಾ. ಹೋದ ಮಳಿಗಾಲದಾಗ, ಗುಡಗೇರಿ ಸಂತಿ ದಿನ,” ಎಂದೆ.

“ರೀ, ಅದು ಎಮ್ಮಿಗೆ ಹಾಕಿಸಿದ್ದು,” ಎಂದಳು ಒಳಗಿನಿಂದ ಬಂದ ನೀಲಾ.

“ಎಮ್ಮಿ ಯಾಕ ಬರ್ತೈತಿ ಗುಡಗೇರಿ ಸಂತಿಗೆ?”

“ನಿಮ್ಮ ನೆನಪಿನ್ಯಾಗ ಏನ್ ಬೇಕಾದ್ದು ಎಲ್ಲಿ ಬೇಕಾದಲ್ಲಿಗೆ ಹೋಕ್ಕೈತಿ. ಮೆಣಸಿನಕಾಯಿ ತರ್ರಿ ಅಂತ ಕಳಿಸಿದ್ರ ಬಾಚಣಿಕಿ ತಂದ್ರಿ, ಅದೂ ನಾಯೀಗೆ!”

“ಗಂಡಾ ಹೆಂಡತಿ ಆಮ್ಯಾಲ ಜಗಳಾಡ್ರಿ,” ಕಾಕಾ ಸಿಟ್ಟಿಗೆದ್ದರು, “ಮದ್ಲ ಬಾಗಲಾ ಹಾಕ್ರಿ!”

ನಾನು ಕೊಟ್ಟಿಗೆಯತ್ತ ನಡೆದೆ. ಬಿಜಲಿ ವಿಧೇಯಳಾಗಿ ಹಿಂದೆಯೇ ಬಂದು ತಾನಾಗಿ ಒಳಹೊಕ್ಕಳು. ಆ ವಿಧೇಯತೆಯೇ ನನ್ನನ್ನು ಹಿಂಡಿತು. ದೂಳಿನ ಪ್ರಸಂಗ ನಡೆದದ್ದು, ನಡೆದಿದ್ದರೆ, ಆ ಬಾಗಿಲ ಹತ್ತಿರವೇ. ಪಶುವೈದ್ಯರಿಗೆ ಫೋನ್ ಮಾಡಿ ಜಗುಲಿಯ ಮೇಲೆ ಕೂತೆ. ಕಾಕಾನ ಭಯವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿರಲಿಲ್ಲ. ಆ ರೋಗ ಒಮ್ಮೆ ತಲೆಗೇರಿದರೆ ನಾಯಿಯೂ ಉಳಿಯದು, ಕಚ್ಚಿಸಿಕೊಂಡವರೂ ಉಳಿಯರು. ಎಲ್ಲವೂ ನಿಂತದ್ದು ನನ್ನ ನೆನಪಿನ ಮೇಲೆ. ಆ ನೆನಪನ್ನು ಕಣ್ಣುಮುಚ್ಚಿ ತಡಕಾಡಿದೆ: ಸಂತೆ ಕಂಡಿತು, ಮಳೆ ಕಂಡಿತು, ಛತ್ರಿ ಕಂಡಿತು, ಸೂಜಿಯೂ ಕಂಡಿತು, ಆದರೆ ಸೂಜಿಯ ತುದಿಯಲ್ಲಿ ಒಮ್ಮೆ ಬಿಜಲಿ ನಿಂತಿದ್ದರೆ ಇನ್ನೊಮ್ಮೆ, ನೀಲಾಳ ಮಾತಿನ ಪ್ರಭಾವದಿಂದಲೋ ಏನೋ, ಎಮ್ಮೆ ನಿಂತಿತ್ತು. ಜೀವನವಿಡೀ ಅನುಮಾನವನ್ನು ಬುದ್ಧಿಯ ಲಕ್ಷಣವೆಂದು ಕೊಂಡಾಡಿದವನಿಗೆ ಅಂದು ಒಂದು ಚಿಟಿಕೆ ನಂಬಿಕೆಯನ್ನು ಯಾರಾದರೂ ಸಾಲ ಕೊಟ್ಟಿದ್ದರೆ ಕಾಲಿಗೆ ಬೀಳುತ್ತಿದ್ದೆ.

ವೈದ್ಯರು ಬೈಕ್ ನಿಲ್ಲಿಸುತ್ತಿದ್ದಂತೆಯೇ ಕೇಳಿದೆ: “ಡಾಕ್ಟರ್ರ, ನಮ್ಮ ಬಿಜಲಿಗೆ ನೀವು ಸೂಜಿ ಹಾಕಿದ್ದು ನೆನಪೈತೇನ್ರಿ?”

“ನೆನಪಿಲ್ಲದ ಏನ್ರಿ! ಗುಡಗೇರಿ ಸಂತ್ಯಾಗ. ಚುಚ್ಚಿದ ಸಿಟ್ಟಿಗೆ ನನ್ನ ಚಪ್ಪಲಿ ಕಚ್ಚಿಕೊಂಡು ಓಡಿ ಹೋತು. ನಾನು ಒಂಟಿ ಚಪ್ಪಲಿ ಮ್ಯಾಲ ಬೆನ್ನ ಹತ್ತಿದ್ದು ಅರ್ಧಾ ಸಂತಿ ನೋಡೇತ್ರಿ.”

ಚಪ್ಪಲಿ! ಓಡಿದ್ದು, ಬದನೆಕಾಯಿ ರಾಶಿಯ ಮೇಲೆ ಹಾರಿದ್ದು, ಎಲ್ಲ ಥಟ್ಟನೆ ಕಣ್ಮುಂದೆ ಬಂತು. ನಾನು ನೀಲಾಳತ್ತ ವಿಜಯದ ನೋಟ ಬೀರಿದೆ. ಆಕೆ ಅದನ್ನು ಗಮನಿಸದಿರುವ ಕಲೆಯನ್ನು ಬಲ್ಲಳು.

ಆದರೂ ವೈದ್ಯರು ದಪ್ಪ ಕೈಗವಸು ತೊಟ್ಟೇ ಒಳಗೆ ಹೋದರು. “ಸೂಜಿ ಹಾಕಿದ್ರೂ ಖಬರದಾರಿ ಬೇಕ್ರಿ. ಜೊಲ್ಲು ಸುರಿಯೋ ನಾಯಿ ಬಾಯಾಗ ಬರಿಗೈ ಹಾಕಬಾರದು. ಕಾಕಾ ತಡದಿದ್ದು ಚಲೋನ ಆತು.” ಬಿಜಲಿಯನ್ನು ಕಂಬಳಿಯಲ್ಲಿ ಸುತ್ತಿ ನಾನು ಹಿಂದಿನಿಂದ ಹಿಡಿದೆ, ಕಾಕಾ ಬಾಗಿಲ ಹೊರಗೆ ಬಡಿಗೆ ಊರಿ ನಿಂತಿದ್ದರು. ವೈದ್ಯರು ಬಾಯಿ ಅಗಲಿಸಿ, ಬ್ಯಾಟರಿ ಬಿಟ್ಟು, ಬಹಳ ಹೊತ್ತು ನೋಡಿದರು. ಇಕ್ಕಳ ಒಳಗೆ ಹೋಯಿತು. ಕಟ್ ಎಂಬ ಸದ್ದು. ಹೊರಬಂದದ್ದು ಎರಡು ಬೆರಳಗಲದ ಜೋಳದ ದಂಟಿನ ತುಂಡು! ಅದು ಮೇಲಿನ ಹಲ್ಲುಗಳ ನಡುವೆ, ಅಂಗುಳಿಗೆ ಅಡ್ಡಲಾಗಿ, ಮನೆಗೆ ತೊಲೆ ಕೂರಿಸಿದಂತೆ ಕೂತುಬಿಟ್ಟಿತ್ತು. ಬಾಯಿ ಮುಚ್ಚಲಾರದೆ, ನುಂಗಲಾರದೆ, ನೀರು ಕುಡಿಯಲಾರದೆ ನಮ್ಮ ಹುಡುಗಿ ಊರಿನ ಕಣ್ಣಿಗೆ ಹುಚ್ಚಿಯಾಗಿದ್ದಳು.

“ಇದನ್ನ ಯಾರು ಕೊಟ್ಟಿದ್ರಿ ಇದಕ್ಕ?” ವೈದ್ಯರು ಕೇಳಿದರು.

“ನಮ್ಮನಿಯವರು,” ಎಂದಳು ನೀಲಾ. “ಹಲ್ಲು ತಿಕ್ಕೋ ಅಂತ.”

ಹೊರಗಿನಿಂದ ಕಾಕಾ ನಕ್ಕರು. ಬಡಿಗೆ ಗೋಡೆಗೆ ಒರಗಿದ ಸದ್ದು ಕೇಳಿಸಿತು. ನನಗಾದ ಹಿಗ್ಗಿಗೆ ನಾನೂ ನಕ್ಕೆ. ಮೂರ್ಖನೆನಿಸಿಕೊಳ್ಳುವುದು ಅಷ್ಟೊಂದು ಸುಖ ಕೊಟ್ಟದ್ದು ಅದೇ ಮೊದಲು.

ಅಂದಿನಿಂದ ನನ್ನ ಬೆಳಗಿನ ತಪಾಸಣೆಗೆ ಬಾಯಿಯೂ ಸೇರಿದೆ. ಮೊದಲು ಗಲ್ಲ ಸವರಿ, ತುಟಿ ಎತ್ತಿ, ವಸಡು ನೋಡಿ, ಕೊನೆಗೆ ಬೆರಳಿಗೆ ಸುತ್ತಿದ ಒದ್ದೆ ಬಟ್ಟೆಯಿಂದ ಹಲ್ಲು ಒರೆಸುತ್ತೇನೆ. ಓಣಿ ನಗುತ್ತದೆ, ನಗಲಿ. ಪ್ರೀತಿಸುವ ಜೀವದ ಕಣ್ಣನ್ನು, ಬಾಲವನ್ನು ನೋಡಿ ಸುಖವಾಗಿದೆ ಎಂದು ತೀರ್ಮಾನಿಸಿಬಿಡುತ್ತೇವೆ. ಅದು ತಾನಾಗಿ ತೋರಿಸದ ಜಾಗವನ್ನು ದಿನಕ್ಕೊಮ್ಮೆ ಕೇಳಿ ನೋಡುವುದೇ ಆರೈಕೆ. ಅನುಮಾನಕ್ಕೂ ಇಲ್ಲೊಂದು ಉದ್ಯೋಗವಿದೆ: ಜಗುಲಿಯ ಮೇಲೆ ಕೂತು ಕೊರಗದೆ ಎದ್ದು ಹೋಗಿ ನೋಡುವುದು.

ಇನ್ನು ಒಂದೇ ತಕರಾರು ಉಳಿದಿತ್ತು. ತುಂಡು ಹೊರಬಂದ ಕೂಡಲೇ ಬಿಜಲಿಯ ಮುಂದೆ ಯಾರೋ ಒಂದು ಬೋಗುಣಿ ನೀರು ಇಟ್ಟರು. ಅವಳು ತಲೆ ಎತ್ತದೆ, ಅಂಗಳಕ್ಕೆಲ್ಲ ಕೇಳುವಂತೆ ಲಪಲಪನೆ ಕುಡಿದು ಬರಿದು ಮಾಡಿದಳು. ಇಟ್ಟದ್ದು ಕಲ್ಲಪ್ಪ ಕಾಕಾ ಎಂದು ನನ್ನ ನೆನಪು, ತಾನೇ ಎಂದು ನೀಲಾಳ ನೆನಪು. ಕಾಕಾನನ್ನು ಕೇಳಿದರೆ “ಯಾರಿಗೆ ನೆನಪೈತಿ ತಗೋರಿ” ಎಂದು ಹಾರಿಸಿಬಿಟ್ಟರು. ಕೊನೆಗೆ ಅವರ ಹೆಂಡತಿ ಗಂಗವ್ವನಿಗೆ ಗೋಡೆಯ ಮೇಲಿಂದ ಬೋಗುಣಿ ತೋರಿಸಿದೆ. ಆಕೆ ತಿರುಗಿಸಿ ತಳದ ಗುರುತು ನೋಡಿ ಹೇಳಿದಳು:

“ಹೌದ್ರಿ ಮಾಸ್ತರ್ರ, ನಮ್ಮದೇ. ಅವತ್ತು ಇವರೇ ನೀರು ತುಂಬಿಕೊಂಡು ಓಡಿ ಬಂದಿದ್ರು.”