ದನದ ಕೊಟ್ಟಿಗೆಯಲ್ಲಿ ನಡೆದ ಮೊದಲ ಪಾಠ

ನಾನು ಬಿ.ಎ. ಓದಿದ್ದು ಕೆ.ಜಿ.ಎಫ್.ನ ಒಂದು ಪುಟ್ಟ ಕಾಲೇಜಿನಲ್ಲಿ. ನಾನಾಗಿ ಸೇರಿದೆ ಅನ್ನುವುದಕ್ಕಿಂತ ಇತಿಹಾಸದ ಮೇಡಂ ಮನೆಗೇ ಬಂದು ಸೇರಿಸಿಕೊಂಡರು ಅನ್ನುವುದು ಸರಿ. ಆ ವರ್ಷ ಎಲ್ಲರೂ ಕಾಮರ್ಸ್ ಕಡೆ ಹೋಗಿ, ಇತಿಹಾಸಕ್ಕೆ ಒಂದು ಬೆಂಚು ತುಂಬುವಷ್ಟೂ ಮಕ್ಕಳಿರಲಿಲ್ಲ. ಹೀಗೇ ಆದರೆ ವಿಷಯವನ್ನೇ ಮುಚ್ಚುತ್ತಾರೆಂದು ಗೊತ್ತಾದದ್ದೇ ತಡ, ಮೇಡಂ ಬಸ್ಸು ಹತ್ತಿ ಹಳ್ಳಿ ಹಳ್ಳಿ ಸುತ್ತತೊಡಗಿದರು. ಪಿಯುಸಿ ಮುಗಿಸಿ ಮನೆಯಲ್ಲೇ ಉಳಿದ ಹುಡುಗಿಯರನ್ನು ಹುಡುಕಿಕೊಂಡು, ಕಾಮಸಮುದ್ರದ ಹತ್ತಿರದ ನಮ್ಮೂರಿಗೂ ಬಂದರು.

ಅಪ್ಪ ಕೊಟ್ಟಿಗೆಯಲ್ಲಿ ಬೂಸಾ ಕಲೆಸುತ್ತಿದ್ದರು. ತಲೆಯೆತ್ತದೆಯೇ ಹೇಳಿದರು: "ಸತ್ತೋದ್ ರಾಜ್ರ ಕತೆ ಕಟ್ಕೊಂಡು ನಮಗೇನಾಗ್ಬೇಕು ಮೇಡಮ್ಮೋರೆ? ಮನೇಲಿ ಅಸುಗಳವೆ. ನೋಡ್ಕೊಳ್ಳಾಕೆ ಇವಳೇ ಬೇಕು."

ಮೇಡಂ ಕಣ್ಣು ಮೂಲೆಯಲ್ಲಿ ನಾವು ಕರು ಕಟ್ಟುತ್ತಿದ್ದ ಕಲ್ಲಿನ ಮೇಲಿತ್ತು. ನನ್ನಿಂದ ಒಂದು ಬಿಂದಿಗೆ ನೀರು ತರಿಸಿ, ಸೆರಗು ಸಿಕ್ಕಿಸಿ, ಸಗಣಿ ಮೆತ್ತಿದ್ದ ಕಲ್ಲನ್ನು ತಾವೇ ತೊಳೆದರು. ಆರಿದ ಮೇಲೆ ಬ್ಯಾಗಿನಿಂದ ಸೀಮೆಸುಣ್ಣ ತೆಗೆದು ಪುಡಿ ಮಾಡಿ ಸವರಿದಾಗ ಕೆತ್ತನೆ ಎದ್ದು ಕಂಡಿತು. ಬಿಲ್ಲು ಹಿಡಿದ ಒಬ್ಬ ಮನುಷ್ಯ, ಅವನ ಹಿಂದೆ ಹಸುಗಳ ಸಾಲು, ಮೇಲೆ ಹಳೆಯ ಅಕ್ಷರ. ಬೆರಳಿಟ್ಟು ನಿಧಾನವಾಗಿ ಓದಿದರು.

"ಇವನು ರಾಜ ಅಲ್ಲ ಯಜಮಾನರೇ, ನಿಮ್ಮಂಥವನೇ. ಊರಿನ ದನ ಹೊಡ್ಕೊಂಡು ಹೋಗ್ತಿದ್ದೋರಿಗೆ ಅಡ್ಡ ನಿಂತು, ದನ ಬಿಡಿಸಿ ಪ್ರಾಣ ಬಿಟ್ಟಿದ್ದಾನೆ. ಅದಕ್ಕೇ ಊರವರು ಈ ಕಲ್ಲು ನಿಲ್ಲಿಸಿದ್ದು."

"ಅಸುಗೋಸ್ಕರಾನಾ?" ಎಂದರು ಅಪ್ಪ. ಬೂಸಾ ಮೆತ್ತಿದ ಕೈಯಲ್ಲೇ ಬಂದು ಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತರು. ಬಹಳ ಹೊತ್ತು ನೋಡಿ, ಎದ್ದು, ಕರುವನ್ನು ಬಿಚ್ಚಿ ಬೇರೆ ಗೂಟಕ್ಕೆ ಕಟ್ಟಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಬೆಳಿಗ್ಗೆ ಕಾಲೇಜ್ಗೆ ಬಸ್ ಎಷ್ಟೊತ್ಗೆ ಮೇಡಮ್ಮೋರೆ?"

ಹಾಗೆ ಒಬ್ಬೊಬ್ಬರನ್ನೇ ಕೂಡಿಸಿ ಮೇಡಂ ಕ್ಲಾಸು ಉಳಿಸಿಕೊಂಡರು. ನಮ್ಮದು ಕನ್ನಡ, ತೆಲುಗು, ತಮಿಳು ಮೂರೂ ಕಲೆತ ಕ್ಲಾಸು. ಕೆ.ಜಿ.ಎಫ್.ನಲ್ಲೇ ಇರುವ ಚಾಂಪಿಯನ್ ರೀಫ್ಸ್‌ನ ಗೆಳತಿಯೊಬ್ಬಳ ಅಪ್ಪ ಚಿನ್ನದ ಗಣಿಯಲ್ಲಿ ದುಡಿದವರು. ಮೇಡಂ ಒಂದು ದಿನ ಅವರನ್ನು ಕರೆಸಿ ತಮ್ಮ ಕುರ್ಚಿಯಲ್ಲಿ ಕೂರಿಸಿ, ತಾವು ನಮ್ಮ ಬೆಂಚಿಗೆ ಬಂದು ಕೂತರು. ಕಂಚಿನ ಕಂಠದ ಆ ಮನುಷ್ಯ ಮೊದಮೊದಲು ಅಂಜಿದರು. ಬೋನಿನಂಥ ಲಿಫ್ಟಿನಲ್ಲಿ ಭೂಮಿಯೊಳಗೆ ಇಳಿಯುತ್ತಿದ್ದುದನ್ನೂ ಆಳದ ಸೆಕೆಯನ್ನೂ ತಮಿಳಿನಲ್ಲಿ ಹೇಳುತ್ತ ಹೋದರು. ಮಗಳು ಕನ್ನಡದಲ್ಲಿ ತಿಳಿಸುತ್ತಿದ್ದಳು. ಕೊನೆಗೆ ತಾವೇ ಕನ್ನಡದಲ್ಲಿ ಅಂದರು: "ಮೇಲ್ ಬಂದ್ರೆ ಗಾಳೀನೇ ಊಟ ಅಮ್ಮಾ."

ನಮ್ಮೂರಿನಿಂದ ಅಷ್ಟು ಹತ್ತಿರ ಇದ್ದೂ, ಚಿನ್ನದ ಹೆಸರು ಕೇಳಿದ್ದೆನೇ ಹೊರತು ಆ ಸೆಕೆಯನ್ನು ನಾನು ಯೋಚಿಸಿರಲೇ ಇಲ್ಲ. ಗೆಳತಿಗೂ ಇದನ್ನೆಲ್ಲ ಅವಳಪ್ಪ ಮನೆಯಲ್ಲಿ ಹೇಳಿರಲಿಲ್ಲವಂತೆ.

ಮೇಡಂ ಈಗ ನಿವೃತ್ತರು. ನಾನು ಬಂಗಾರಪೇಟೆಯ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಮಾಡುತ್ತೇನೆ. ಮೊನ್ನೆ ರಜೆಗೆ ಊರಿಗೆ ಹೋದಾಗ, ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತಿದ್ದ ಅಪ್ಪ ಪಕ್ಕದ ಮನೆಯವನಿಗೆ ಗದರುತ್ತಿದ್ದುದು ಕೇಳಿಸಿತು:

"ಆಲು ನಾನ್ ಕರ್ದ್‌ಕೊಡ್ತೀನಿ ಕಣ್ಲಾ, ನೀನು ಮೊದ್ಲು ಮಗಳ್ನ ಕಾಲೇಜ್ಗೆ ಕಳ್ಸು."