ಕೂಗಿದರೆ ಕೇಳುವಷ್ಟು ದೂರ

ನನ್ನ ಗಂಡ ಕ್ಲೆಮ್ ನಮ್ಮ ಚರ್ಚಿನ ಪಾದ್ರಿಗೇ ದಂಡ ಹಾಕಿದವನು. ಪಾದ್ರಿ ಹೊಡೆದದ್ದು ಒಂದು ಬಾತುಕೋಳಿ ಜಾಸ್ತಿ, ಒಂದೇ ಒಂದು. ಇಷ್ಟು ಎಂದರೆ ಇಷ್ಟೇ, ಅದರ ಮೇಲೆ ಒಂದು ಪುಕ್ಕವೂ ಇಲ್ಲ ಎಂದು ಕ್ಲೆಮ್ ಕೆರೆಯ ದಡದಲ್ಲೇ ದಂಡದ ಚೀಟಿ ಹರಿದು ಕೈಗೆ ಕೊಟ್ಟ. ಮುಂದಿನ ಭಾನುವಾರ ಪಾದ್ರಿ ಕನಿಕರವಿಲ್ಲದ ಮನುಷ್ಯರ ಬಗ್ಗೆ ಉದ್ದಕ್ಕೆ ಪ್ರವಚನ ಮಾಡಿದರು, ನೋಡಿದ್ದು ಮಾತ್ರ ನನ್ನನ್ನೇ. ಕ್ಲೆಮ್ ಪಕ್ಕದಲ್ಲಿ ತೂಕಡಿಸುತ್ತಿದ್ದ. ಹೊಡೆದವರು ಅವರು, ಹಿಡಿದವನು ಇವನು, ಮುಖ ಕೆಂಪಗೆ ಮಾಡಿಕೊಂಡು ಕೂತವಳು ನಾನು. ಬೇಟೆ ವಾರ್ಡನ್‌ನ ಹೆಂಡತಿಯ ಬಾಳೇ ಇಷ್ಟು.

ವಿಸ್ಕಾನ್ಸಿನ್‌ನ ಉತ್ತರದ ನಮ್ಮ ಕಾಡುಗಳಲ್ಲಿ ನವೆಂಬರ್ ಕೊನೆಗೆ ಜಿಂಕೆ ಬೇಟೆಯ ಕಾಲ ತೆರೆಯುತ್ತದೆ. ಆಗ ಕಾರ್ಖಾನೆಗೆ ಯಾರೂ ಹೋಗುವುದಿಲ್ಲ. ಆ ವಾರ ಮದುವೆ ಇಟ್ಟುಕೊಂಡವನ ಮದುವೆಗೆ ಅವನ ಅಪ್ಪನೂ ಬರುವುದಿಲ್ಲ. ಊರಿಗೆ ಊರೇ ಕಿತ್ತಳೆ ಬಣ್ಣದ ಕೋಟು ತೊಟ್ಟು ಕಾಡು ಸೇರುತ್ತದೆ, ಅಷ್ಟೂ ಜನರನ್ನು ನನ್ನ ಗಂಡ ಕಾಯಬೇಕು. ಲೈಸೆನ್ಸ್ ಇದೆಯೇ, ಕತ್ತಲಾದ ಮೇಲೆ ಗುಂಡು ಹಾರಿತೇ, ತಲೆಗೊಂದು ಜಿಂಕೆ ಎಂಬುದನ್ನು ಯಾರಾದರೂ ಮೀರಿದರೇ ಎಂದು ಹಿಮದಲ್ಲಿ ಅಲೆದು ಮನೆಗೆ ಬಂದರೆ ಕುರ್ಚಿಯಲ್ಲೇ ನಿದ್ದೆ. ಬೂಟು ಎಳೆದು ಬಿಚ್ಚುವ ಕೆಲಸ ನನ್ನದು. ಎಳೆಯುತ್ತ ಕೇಳುತ್ತಿದ್ದೆ, "ಇವತ್ತು ಯಾರಿಗೆ ಹಾಕ್ದೆ?" ಮರುದಿನ ಅಂಗಡಿಯಲ್ಲಿ ಯಾರ ಹೆಂಡತಿ ಮುಖ ತಿರುಗಿಸುತ್ತಾಳೆ ಎಂದು ಮೊದಲೇ ತಿಳಿದಿರಬೇಕಲ್ಲ.

ಸ್ವಂತ ತಮ್ಮನಿಗೂ ಹಾಕಿದ ಪುಣ್ಯಾತ್ಮ. ತಮ್ಮ ಬಹಳ ಕಾಲ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಆಗ ನಾನು ರೇಗಿದೆ, "ನಿಂಗೆ ಎದೇಲಿ ಇರೋದು ಕಲ್ಲೇನೋ?"

"ಇವನನ್ನ ಬಿಟ್ರೆ ನಿನ್ನೆ ಹಾಕಿಸ್ಕೊಂಡೋನ ಮುಖ ಹೇಗೆ ನೋಡ್ಲಿ, ಡೋರೀನ್?" ಎಂದ. ಕಣ್ಣು ಬಿಡಲೂ ಶಕ್ತಿ ಇರಲಿಲ್ಲ ಅವನಿಗೆ. ಅದೊಂದೇ ಅವನ ಆಸ್ತಿ ಎಂದು ನನಗೂ ಗೊತ್ತಿತ್ತು. ಕ್ಲೆಮ್ ಒಂದು ಮಾತು ಹೇಳಿದರೆ, ಅವನನ್ನು ಬೈಯುವವರೂ ಆ ಮಾತನ್ನು ನಂಬುತ್ತಿದ್ದರು.

ನನ್ನ ಅಪ್ಪ ಕಸಿಮಿರ್ ಮತ್ತು ಚಿಕ್ಕಪ್ಪ ಫ್ಲೋರಿಯನ್ ಹುಟ್ಟಿದಾರಭ್ಯ ಒಟ್ಟಿಗೆ ಬೇಟೆಯಾಡಿದವರು. ಅಪ್ಪನದು ಗುರಿ ಎಂದರೆ ಗುರಿ. ಫ್ಲೋರಿಯನ್‌ನ ಗುಂಡಿಗೆ ಜಿಂಕೆಗಳು ಹೆದರುವುದಿರಲಿ, ತಿರುಗಿಯೂ ನೋಡುತ್ತಿರಲಿಲ್ಲ. ನಮ್ಮಲ್ಲಿ ಗುಂಡು ತಾಗದೆ ಹೋದರೆ ಅವತ್ತೇ ಬೇಟೆ ಗುಡಿಸಲಿನಲ್ಲಿ ಹೊಡೆದವನ ಅಂಗಿಯ ಹಿಂದಿನ ಅಂಚು ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುತ್ತಾರೆ. ಅಪ್ಪನ ಗುಡಿಸಲಿನ ಗೋಡೆಯ ತುಂಬ ಫ್ಲೋರಿಯನ್‌ನ ಅಂಗಿಗಳೇ. ಚಿಕ್ಕಮ್ಮ ಬದುಕಿದ್ದಾಗ ಬೇಟೆಗೆಂದೇ ಹಳೆಯ ಅಂಗಿ ಎತ್ತಿಟ್ಟು ಕೊಡುತ್ತಿದ್ದಳು, ಪಾಪ.

ಆದರೂ ಫ್ಲೋರಿಯನ್ ಒಂದು ವರ್ಷವೂ ಬರಿಗೈಯಲ್ಲಿ ಮನೆಗೆ ಹೋದವನಲ್ಲ. ಗುಂಪಿನಲ್ಲಿ ಬೇಟೆಯಾಡುವಾಗ ಒಬ್ಬ ಇನ್ನೊಬ್ಬನ ಪಾಲಿನ ಜಿಂಕೆ ಹೊಡೆಯಬಹುದು, ಲೈಸೆನ್ಸಿನ ಜೊತೆ ಬರುವ ಅವನ ಹೆಸರಿನ ಚೀಟಿ ಅದಕ್ಕೆ ಕಟ್ಟಬಹುದು. ಕಾನೂನೇ ಒಪ್ಪುತ್ತದೆ. ಒಂದೇ ಷರತ್ತು, ಆ ಇನ್ನೊಬ್ಬನೂ ಬೇಟೆಯಲ್ಲಿ ಇರಬೇಕು, ಕೂಗಿದರೆ ಕೇಳುವಷ್ಟು ದೂರದಲ್ಲಿ ಇರಬೇಕು. ಅಪ್ಪ ತನ್ನದನ್ನು ಹೊಡೆದು, ತಮ್ಮನದನ್ನೂ ಹೊಡೆದು, ಚೀಟಿ ಕಟ್ಟುತ್ತಿದ್ದ. ಫ್ಲೋರಿಯನ್ ಹಿಮ ಒದರಿಕೊಂಡು ಬಂದು ಕೇಳುತ್ತಿದ್ದ, "ಏನು ಕ್ಯಾಸ್, ನಾನು ಹೊಡೆದ್ನಾ?"

"ಹೊಡೆದೆ ಕಣೋ, ಎದೆಗೇ ಬಿತ್ತು," ಎನ್ನುತ್ತಿದ್ದ ಅಪ್ಪ. ಆಮೇಲೆ ಜಿಂಕೆಯ ಗುಂಡಿಗೆಯನ್ನು ಈರುಳ್ಳಿ ಹಾಕಿ ಬೆಣ್ಣೆಯಲ್ಲಿ ಹುರಿದು, ಇಬ್ಬರೂ ಬ್ರಾಂದಿ ಕುಡಿಯುತ್ತ ತಿನ್ನುವುದು. ಮುದುಕರಾದರೂ ಆ ಜೋಕಿಗೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ನಾವು ಸಾಕಪ್ಪಾ ಸಾಕು ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದೆವು.

ಆ ವರ್ಷ ಬೇಸಿಗೆಯಿಂದಲೇ ಫ್ಲೋರಿಯನ್ ಹಾಸಿಗೆ ಹಿಡಿದ. ಹೊಟ್ಟೆಯ ಕಾಯಿಲೆ, ಡಾಕ್ಟರು ಕೈ ಚೆಲ್ಲಿದ್ದರು. ಅಪ್ಪ ಅವನನ್ನು ತನ್ನ ಮನೆಗೇ ಕರೆತಂದು ಹೊಲದ ಕಡೆಯ ಕಿಟಕಿಯ ಪಕ್ಕ ಮಂಚ ಹಾಕಿದ. ನಾನು ದಿನಾ ಹೋಗಿ ಸ್ನಾನ ಮಾಡಿಸಿ ಬರುತ್ತಿದ್ದೆ. ಬೇಟೆ ಹತ್ತಿರ ಬಂದಾಗ ಅಪ್ಪ ಅವನ ಲೈಸೆನ್ಸನ್ನೂ ತಂದ.

ಮೊದಲ ದಿನವೇ ಅಪ್ಪ ಹೊಲದಾಚೆ ಎರಡು ಜಿಂಕೆ ಹೊಡೆದ. ವ್ಯಾನಿನ ಹಿಂದೆ ಹಾಕಿಕೊಂಡು ಗ್ಲೇಡಿಸ್‌ಳ ಬಾರಿಗೆ ಹೋದ. ಹೊಡೆದ ಜಿಂಕೆಯನ್ನು ತೋರಿಸಿ ಬರೆಸುವುದು ಅಲ್ಲೇ. ನಾನು ಅಲ್ಲಿ ಗ್ಲೇಡಿಸ್‌ಳಿಗೆ ಸಾರು ಬಡಿಸಲು ಕೈ ಹಚ್ಚಿದ್ದೆ. ಕ್ಲೆಮ್ ಹೊರಗೆ ಒಂದೊಂದೇ ಜಿಂಕೆ ನೋಡುತ್ತಿದ್ದ. ಅಪ್ಪನ ವ್ಯಾನಿನ ಹತ್ತಿರ ಬಂದು, ಎರಡನೇ ಜಿಂಕೆಯ ಕೊಂಬಿಗೆ ಕಟ್ಟಿದ ಚೀಟಿ ಓದಿ ನಿಂತೇಬಿಟ್ಟ. ಅದನ್ನು ಕಂಡು ನಾನೂ ಹೊರಗೆ ಬಂದೆ.

ಪಕ್ಕದಲ್ಲಿ ವೆಂಡೆಲ್ ಇದ್ದ. ಗಿರಣಿಯಲ್ಲಿ ಮರ ಕೊಯ್ಯುವವನು. ಹಿಂದಿನ ವರ್ಷ ಮನೆಯಲ್ಲಿದ್ದ ಹೆಂಡತಿಯ ಚೀಟಿ ಕಟ್ಟಿದ್ದಕ್ಕೆ ಕ್ಲೆಮ್ ಅವನ ಕೋವಿ ಕಿತ್ತುಕೊಂಡು, ಲೈಸೆನ್ಸ್ ರದ್ದು ಮಾಡಿಸಿದ್ದ. ಈ ವರ್ಷ ಬರೀ ಬಿಯರ್ ಕುಡಿಯಲು ಬಂದಿದ್ದ.

"ಓಹೋ, ಫ್ಲೋರಿಯನ್ ಎದ್ದು ಓಡಾಡ್ತಾನಾ? ಸಂತೋಷ, ಸಂತೋಷ," ಎಂದ ವೆಂಡೆಲ್. ಸುತ್ತ ಯಾರೂ ನಗಲಿಲ್ಲ.

"ಮಾವ, ಫ್ಲೋರಿಯನ್ ಎಲ್ಲಿದ್ದ?" ಕ್ಲೆಮ್ ಕೇಳಿದ.

"ಬೇಟೇಲೇ ಇದ್ದ. ಕಿತ್ತಳೆ ಟೋಪಿ ಹಾಕಿ, ದಿಂಬು ಕೊಟ್ಟು ಕಿಟಕಿ ಹತ್ರ ಕೂರ್ಸಿದ್ದೆ. ಹೊಲದ ಆ ಕಡೆ ಅವನು ಕಾಯೋದು, ಈ ಕಡೆ ನಾನು. ಯಾವಾಗ್ಲೂ ಹಾಗೇ ತಾನೇ?"

ಅಪ್ಪ ನಾಟಕ ಆಡುತ್ತಿರಲಿಲ್ಲ. ಹಾಸಿಗೆಯಲ್ಲಿ ಟೋಪಿ ಹಾಕಿ ಕೂರಿಸಿದರೆ ತಮ್ಮ ಬೇಟೆಯಲ್ಲಿದ್ದ ಹಾಗೇ ಎಂದು ಅವನು ನಂಬಿದ್ದ. ಕ್ಲೆಮ್ ದಂಡ ಬರೆದರೆ ಅಪ್ಪನಿಗೆ ಮೂರು ವರ್ಷ ಕಾಡು ಇಲ್ಲ. ಆ ವಯಸ್ಸಿಗೆ ಮೂರು ವರ್ಷ ಎಂದರೆ ಇನ್ನು ಇಲ್ಲವೇ ಇಲ್ಲ. ಫ್ಲೋರಿಯನ್‌ನ ಜಿಂಕೆಯನ್ನೂ ಎತ್ತಿಕೊಂಡು ಹೋಗುತ್ತಾರೆ. ಅಲ್ಲಿ ಕಿಟಕಿಯ ಬಳಿ ಅವನು, ನಾನು ಹೊಡೆದ್ನಾ ಎಂದು ಕೇಳಲು ಕಾದು ಕೂತಿದ್ದಾನೆ.

"ಕೂಗಿದ್ರೆ ಕೇಳೋ ಹಾಗಿರ್ಬೇಕು, ಮಾವ," ಎಂದ ಕ್ಲೆಮ್. ಅವನ ದನಿಯಲ್ಲಿ ಹುರುಪೇ ಇರಲಿಲ್ಲ.

"ಕೇಳತ್ತೆ ಅಂತಿಟ್ಕೋ."

"ಇಟ್ಕೊಳೋದಲ್ಲ. ನೀನು ಹೊಡೆದ ಜಾಗಕ್ಕೆ ಹೋಗಿ ಕೂಗ್ತೀನಿ. ಡೋರೀನ್ ಫ್ಲೋರಿಯನ್ ಹತ್ರ ಇರ್ಲಿ. ಕೇಳಿದ್ರೆ ಅವನ ಟೋಪಿ ಕಿಟಕೀಲಿ ಎತ್ಲಿ."

ವೆಂಡೆಲ್ ನನ್ನನ್ನೇ ನೋಡಿದ. ಹೆಂಡತಿ, ಮಗಳು, ಸಾಕ್ಷಿ ಎಲ್ಲ ಒಬ್ಬಳೇ! ಅವನು ಕೂಗಾಡುತ್ತಾನೆ ಎಂದುಕೊಂಡೆ. ಅವನು ಗ್ಲಾಸು ಕೆಳಗಿಟ್ಟು ಹೇಳಿದ, "ನಾನೇನೂ ಹಿಂದೆ ಬರಲ್ಲ, ಕ್ಲೆಮ್. ನೀನು ಬಂದು ಏನು ಹೇಳ್ತೀಯೋ ಅದೇ ಸರಿ."

ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಫ್ಲೋರಿಯನ್ ಟೋಪಿ ಹಾಕಿಕೊಂಡೇ ಕೂತಿದ್ದ. ಮುಖ ಬತ್ತಿ ಟೋಪಿ ಕಿವಿಯವರೆಗೂ ಇಳಿದಿತ್ತು. ಕಿಟಕಿ ತೆರೆದೆ. ಜೋಳ ಕೊಯ್ದ ಹೊಲ ಬೆಳ್ಳಗೆ ಹರಡಿತ್ತು, ಕಾಡಿನಂಚಿನಲ್ಲಿ ಎರಡು ಕಿತ್ತಳೆ ಚುಕ್ಕೆಗಳು, ಅಪ್ಪ ಮತ್ತು ಕ್ಲೆಮ್. ಗಾಳಿ ನಮ್ಮ ಕಡೆಯಿಂದ ಆ ಕಡೆಗೆ ಬೀಸುತ್ತಿತ್ತು. ದೇವರೇ, ಆ ದೂರಕ್ಕೆ ಚರ್ಚಿನ ಗಂಟೆಯೂ ಕೇಳುವುದಿಲ್ಲ.

"ಯಾಕೆ ಕಿಟಕಿ ತೆಗ್ದೆ? ಚಳಿ ಕಣೆ," ಎಂದ ಫ್ಲೋರಿಯನ್.

"ಸ್ವಲ್ಪ ಸುಮ್ನಿರು ಚಿಕ್ಕಪ್ಪ."

ಕಿವಿಗೊಟ್ಟು ನಿಂತೆ. ಗಾಳಿ, ಅಷ್ಟೇ. ಇನ್ನೂ ನಿಂತೆ. ಏನೂ ಇಲ್ಲ. ಅಷ್ಟು ವರ್ಷ ಒಂದು ಪುಕ್ಕಕ್ಕೂ ಬಗ್ಗದ ಮನುಷ್ಯ ಅಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದಾನೆ ಎಂದುಕೊಂಡೆ. ಫ್ಲೋರಿಯನ್‌ನ ತಲೆಯಿಂದ ಟೋಪಿ ಕಿತ್ತು, ಕಿಟಕಿಯಿಂದ ಅರ್ಧ ಮೈ ಹೊರಹಾಕಿ, ಎಷ್ಟು ಎತ್ತರಕ್ಕೆ ಆಗುತ್ತೋ ಅಷ್ಟು ಎತ್ತಿ ಹಿಡಿದೆ. ಸುಳ್ಳೇ. ನಾಳೆ ಬೇಕಾದರೂ ಮತ್ತೆ ಎತ್ತುತ್ತೇನೆ.

ಕ್ಲೆಮ್ ಬಂದು ನನ್ನನ್ನು ಏನೂ ಕೇಳಲಿಲ್ಲ. ಬಾರಿಗೆ ಹೋಗಿ ಎಲ್ಲರೆದುರು "ಕೇಳಿಸ್ತು" ಎಂದನಂತೆ. ವೆಂಡೆಲ್ "ಸರಿ ಹಾಗಾದ್ರೆ" ಎಂದು ಅವನಿಗೊಂದು ಬ್ರಾಂದಿ ತರಿಸಿದನಂತೆ. ಕ್ಲೆಮ್ ಅದನ್ನು ಮುಟ್ಟದೆ ಎದ್ದು ಬಂದ.

ಸಂಜೆ ಅಪ್ಪ ಗುಂಡಿಗೆ ಹುರಿದ. ಫ್ಲೋರಿಯನ್‌ಗೆ ಒಂದು ತುಣುಕು ನಾಲಿಗೆಯ ಮೇಲೆ ಇಟ್ಟುಕೊಳ್ಳಲು ಮಾತ್ರ ಆಯಿತು.

"ಕ್ಯಾಸ್, ನಾನು ಹೊಡೆದ್ನಾ?"

"ಹೊಡೆದೆ ಕಣೋ. ಎದೆಗೇ ಬಿತ್ತು."

ನಗಲು ಹೋಗಿ ಅವನಿಗೆ ಕೆಮ್ಮು ಬಂತು. ಹೊಸ ವರ್ಷ ಕಳೆದು, ಚಳಿಗೆ ನೆಲ ಕಲ್ಲಾಗಿದ್ದ ಕಾಲದಲ್ಲಿ ತೀರಿಹೋದ.

ಆಮೇಲೆ ಕ್ಲೆಮ್ ಕುಂದಿದ. ಊಟ ಮಾಡುವನು, ಡ್ಯೂಟಿಗೆ ಹೋಗುವನು, ಬರುವನು. ಯಾರಿಗೆ ಹಾಕಿದೆ ಎಂದರೆ ಯಾರಿಗೂ ಇಲ್ಲ ಎನ್ನುವನು. ಬೇಸಿಗೆಯಲ್ಲಿ ಕೆಲಸ ಬಿಟ್ಟ. ಸಾಕಾಯ್ತು ಎಂದ, ನಾನೂ ಸಾಕಾಗಿದೆ ಎಂದೇ ತಿಳಿದೆ. ನನ್ನ ಮನಸ್ಸಿನಲ್ಲಿ ಒಂದೇ ಮುಳ್ಳು, ನನ್ನ ಸುಳ್ಳನ್ನು ನಂಬಿ ಈ ಮನುಷ್ಯ ಬಾರಿನಲ್ಲಿ ಮಾತು ಕೊಟ್ಟನಲ್ಲ ಎಂದು. ಮೋಸ ಹೋದವನ ಬೂಟು ಬಿಚ್ಚುವುದು ಸುಲಭವಲ್ಲ.

ಮತ್ತೆ ನವೆಂಬರ್ ಬಂತು. ಬೇಟೆ ತೆರೆದ ದಿನ ಮಧ್ಯಾಹ್ನ ನಾನು ಅಪ್ಪನ ಗುಡಿಸಲಿಗೆ ಸಾರು ಒಯ್ದಿದ್ದೆ. ಕ್ಲೆಮ್ ಒಳಗೆ ಬಂದ. ಮೈಮೇಲೆ ಹಳೆಯ ಬೂದು ಯೂನಿಫಾರ್ಮ್ ಅಂಗಿ, ಬಿಲ್ಲೆ ಕಿತ್ತ ಜಾಗದಲ್ಲಿ ತೂತು. ಅಪ್ಪನ ಕೈಗೆ ಕತ್ತರಿ ಕೊಟ್ಟು ಬೆನ್ನು ತಿರುಗಿಸಿ ನಿಂತ.

"ಕತ್ತರಿಸು ಮಾವ."

"ನೀನ್ಯಾವ ಜಿಂಕೆಗೆ ಗುಂಡು ಹಾರಿಸ್ದೆಯೋ?"

"ಹೋದ ವರ್ಷದ್ದು. ಎದುರಿಗೇ ಇತ್ತು, ನಾನು ಹೊಡೀಲಿಲ್ಲ."

ಅಪ್ಪ ಕತ್ತರಿ ಹಿಡಿದುಕೊಂಡೇ ನನ್ನ ಕಡೆ ತಿರುಗಿ, "ಅವತ್ತು ಇವನು ಕೂಗ್ಲೇ ಇಲ್ಲ ಕಣೆ, ಡೋರೀನ್," ಎಂದ. "ಸುಮ್ನೆ ನಿಂತು ನಿನ್ನ ಕಿಟಕಿ ನೋಡ್ದ. ಟೋಪಿ ಮೇಲೆ ಹೋಯ್ತು. ನಡಿ ಮಾವ ಅಂದ. ಹೇಳ್ಬೇಡ ಅಂದಿದ್ದ."

ನಾನು ಬೆಂಚಿನ ಮೇಲೆ ಕೂತುಬಿಟ್ಟೆ. "ಕೂಗಕ್ಕೇನಾಗಿತ್ತೋ ನಿಂಗೆ?"

"ಕೂಗಿದ್ರೆ ಕೇಳಲ್ಲ ಅಂತ ಗೊತ್ತಾಗ್ಬಿಡ್ತಿತ್ತು," ಎಂದ ಕ್ಲೆಮ್, ಗೋಡೆ ನೋಡಿಕೊಂಡೇ.

"ನಾನು ಟೋಪಿ ಎತ್ತದೆ ಇದ್ದಿದ್ರೆ?"

"ನೀನಾ? ಎತ್ತದೆ ಇರ್ತಿದ್ದೆಯಾ?"

ಅಳು ಬಂತು, ಸಿಟ್ಟೂ ಬಂತು. ವರ್ಷವಿಡೀ ಇವನಿಗೆ ಮೋಸ ಮಾಡಿದೆನೆಂದು ನಾನು ಕೊರಗಿದರೆ, ಇವನು ಹೊಲದ ಆ ತುದಿಯಲ್ಲಿ ನನ್ನನ್ನು ಪೂರ್ತಿ ಓದಿಕೊಂಡು ನಿಂತಿದ್ದ! ಅಪ್ಪ ಅಂಚು ಮಾತ್ರವಲ್ಲ, ಸೊಂಟದವರೆಗೆ ಅಗಲವಾಗಿ ಕತ್ತರಿಸಿದ. ಫ್ಲೋರಿಯನ್‌ನ ಕೊನೆಯ ಚೌಕಳಿ ಬಟ್ಟೆಯ ಪಕ್ಕದಲ್ಲಿಟ್ಟು ಮೊಳೆ ಹೊಡೆದ.

"ಸಾರು ಕುಡಿ, ಆರುತ್ತೆ," ಎಂದೆ.

"ಬಂದು ಕುಡೀತೀನಿ. ವೆಂಡೆಲ್ ಮನೆಗೆ ಹೋಗ್ಬೇಕು. ಅವನಿಗೂ ಹೇಳ್ಬೇಕಲ್ಲ."

ಸಾರಿನ ಪಾತ್ರೆಗೆ ಮುಚ್ಚಳ ಹಾಕಿದೆ. ಬಾಗಿಲು ದಾಟಿ ಹಿಮದಲ್ಲಿ ನಡೆದ. ಹಿಂದಿನಿಂದ ಅಂಗಿ ಮೋಟಾಗಿ ಒಳಬನಿಯನ್ ಕಾಣುತ್ತಿತ್ತು, ಹೆಗಲು ಇಳಿಬಿದ್ದಿತ್ತು. ಕಾಡಿನ ತಿರುವಿನವರೆಗೆ ಹೋದ ಮೇಲೆ ನೋಡುತ್ತೇನೆ, ಕೋಟು ಇಲ್ಲೇ ಮೊಳೆಗೆ ನೇತಾಡುತ್ತಿದೆ.

"ಕ್ಲೆಮ್! ಕೋಟು ಹಾಕ್ಕೊಂಡು ಹೋಗೋ!" ಎಂದು ಕೂಗಿದೆ.

ಅವನಿಗೆ ಕೇಳಿಸಿತು. ತಿರುಗಿ ಬಂದು, ಕೋಟು ತೆಗೆದುಕೊಂಡು ಹೋದ.